ಆವಣಿ: ಸೀತೆಯ ಬೆಟ್ಟ, ನೊಳಂಬರ ಗುಡಿ

ಕೋಲಾರ ಎಂದೊಡನೆ ಚಿನ್ನದ ಗಣಿಯನ್ನು ನೆನೆಯುವವರಿಗೆ ಆವಣಿಯ ಹೆಸರು ಅಷ್ಟಾಗಿ ಪರಿಚಯವಿರಲಾರದು. ಮುಳಬಾಗಿಲಿನಿಂದ ಸುಮಾರು 13 ಕಿ.ಮೀ. ದೂರದಲ್ಲಿರುವ ಈ ಗ್ರಾಮವನ್ನು ಭಕ್ತರು ‘ದಕ್ಷಿಣದ ಗಯಾ’ ಎಂದು ಕರೆಯುತ್ತಾರೆ. ಹೆಬ್ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತಹ ಬೆಟ್ಟ, ಅದರ ಬುಡದಲ್ಲಿ ಸಾವಿರ ವರ್ಷ ದಾಟಿದ ದೇವಾಲಯಗಳ ಸಮೂಹ, ಮೇಲೆ ಸೀತೆಯ ಗುಡಿ. ಸೀತೆಗೇ ಮೀಸಲಾದ ಗುಡಿಗಳು ನಾಡಿನಲ್ಲಿ ವಿರಳ.

ವಾಲ್ಮೀಕಿ ಮುನಿಯ ಆಶ್ರಮವಿದ್ದುದು ಈ ಬೆಟ್ಟದಲ್ಲಿ ಎಂಬುದು ಸ್ಥಳಪುರಾಣ. ತುಂಬು ಗರ್ಭಿಣಿ ಸೀತೆ ಆಶ್ರಯ ಪಡೆದು ಲವಕುಶರನ್ನು ಹೆತ್ತದ್ದು, ಆ ಬಾಲಕರು ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿ ರಾಮನ ಸೈನ್ಯದೊಡನೆ ಕಾದಿದ್ದು ಎಲ್ಲವೂ ಇಲ್ಲಿಯೇ. ಸ್ವಂತ ಮಕ್ಕಳೊಡನೆ ಯುದ್ಧ ಮಾಡಿದ ದೋಷದ ಪರಿಹಾರಕ್ಕಾಗಿ ರಾಮ ಮತ್ತು ಅವನ ತಮ್ಮಂದಿರು ಒಂದೊಂದು ಲಿಂಗವನ್ನು ಸ್ಥಾಪಿಸಿದರಂತೆ. ವಾಲ್ಮೀಕಿ ರಾಮಾಯಣದಲ್ಲಿ ಆಶ್ರಮವಿರುವುದು ಉತ್ತರದ ತಮಸಾ ನದಿಯ ಬಳಿ ಎಂಬ ತಕರಾರು ಇಲ್ಲಿಗೆ ಬರುವವರಿಗೆ ಬೇಕಿಲ್ಲ. ಮಕ್ಕಳಿಲ್ಲದ ಹೆಂಗಸರು ಬೆಟ್ಟವೇರಿ ಸೀತೆಗೆ ಹರಕೆ ಹೊರುತ್ತಾರೆ. ಕಾಡುಪಾಲಾದ ಬಸುರಿಗೆ ನೆಲೆ ಕೊಟ್ಟ ಬೆಟ್ಟ ಎಂಬುದೇ ಅವರಿಗೆ ಸಾಕು.

ಶಾಸನಗಳು ಹೇಳುವ ಕಥೆ ಬೇರೆ. ಬೆಟ್ಟದ ಬುಡದಲ್ಲಿರುವ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳು ಬಹುಮಟ್ಟಿಗೆ ನೊಳಂಬರ ಕಾಲದವು. ಇಂದು ಆಂಧ್ರಪ್ರದೇಶಕ್ಕೆ ಸೇರಿರುವ ಹೇಮಾವತಿ ಆ ಅರಸರ ರಾಜಧಾನಿಯಾಗಿತ್ತು. ಸಮೂಹದಲ್ಲಿ ಕೆತ್ತನೆಗೆ ಹೆಸರಾದುದು ರಾಮನ ಗುಡಿಯಲ್ಲ, ಲಕ್ಷ್ಮಣೇಶ್ವರ. ಅದರ ಮಂಟಪದಲ್ಲಿ ನಿಂತು ಒಮ್ಮೆ ತಲೆಯೆತ್ತಿ ನೋಡಬೇಕು. ಚಾವಣಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ಉಮಾಮಹೇಶ್ವರರು ಕಾಣುತ್ತಾರೆ.

ಈ ಕ್ಷೇತ್ರದ ನಿಜವಾದ ಕರ್ತೃವೆನ್ನಬಹುದಾದವನು ತ್ರಿಭುವನಕರ್ತನೆಂಬ ಶೈವ ಯತಿ. ‘ಕಲಿಯುಗ ರುದ್ರ’ ಎಂಬ ಬಿರುದಿದ್ದ ಈತ 40 ವರ್ಷ ಆವಣ್ಯದ ಸ್ಥಾನವನ್ನು ಆಳಿ, 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿ ಕ್ರಿ.ಶ. 961ರಲ್ಲಿ ತೀರಿಕೊಂಡನೆಂದು ಶಾಸನ ತಿಳಿಸುತ್ತದೆ. ಗುಡಿಗಳ ಸಂಖ್ಯೆಯ ಜೊತೆಯಲ್ಲೇ ಕೆರೆಗಳ ಲೆಕ್ಕವನ್ನೂ ಬರೆಸಿರುವುದು ಗಮನಾರ್ಹ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಬದುಕು ನಿಂತಿದ್ದುದು ಕೆರೆಯ ಮೇಲೆ. ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗಿಳಿದ ಮೇಲೆ, 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಆ ನೀರಿನ ಗುಣಮಟ್ಟದ ಚರ್ಚೆ ಇನ್ನೂ ಮುಗಿದಿಲ್ಲ. ಯತಿ ಕಟ್ಟಿಸಿದ ಗುಡಿಗಳಿಗೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯುಂಟು. ಕೆರೆಗಳಿಗೆ ಅಂತಹ ಭಾಗ್ಯ ದೊರೆಯುವುದು ಅಪರೂಪ.

ಊರಿನಲ್ಲಿ ಶೃಂಗೇರಿ ಪರಂಪರೆಯ ಮಠವೊಂದಿದೆ. ಶಿವರಾತ್ರಿಯ ಸಮಯದಲ್ಲಿ ರಥೋತ್ಸವ ನಡೆಯುತ್ತದೆ. ಆಗ ಸೇರುವ ದನಗಳ ಜಾತ್ರೆ ಸುತ್ತಲಿನ ರೈತರಿಗೆ ದೇವರಷ್ಟೇ ಮುಖ್ಯ.

ಬೆಟ್ಟದ ಬಂಡೆಗಳು ಈಚಿನ ವರ್ಷಗಳಲ್ಲಿ ಬೆಂಗಳೂರಿನ ಶಿಲಾರೋಹಿಗಳನ್ನೂ ಸೆಳೆಯುತ್ತಿವೆ. ಬೇಸಿಗೆಯಲ್ಲಿ ಬಂಡೆ ಬೇಗ ಕಾಯುವುದರಿಂದ ಮುಂಜಾನೆಯೇ ಹತ್ತುವುದು ಒಳ್ಳೆಯದು. ಕುಡಿಯುವ ನೀರು ಜೊತೆಗಿರಲಿ. ಬೆಂಗಳೂರಿನಿಂದ ಬರುವವರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕೋಲಾರ ದಾಟಿ, ಮುಳಬಾಗಿಲಿಗೆ ಮೊದಲೇ ಬಲಕ್ಕೆ ತಿರುಗಬೇಕು.