ಗೋದಾಮಿನ ಭತ್ತಕ್ಕೆ ಬೆಲೆ ಕಟ್ಟಿದ ಬಗೆ

1924ರ ಕಾವೇರಿ ಪ್ರವಾಹಕ್ಕೆ ಎಡತೊರೆ ನಲುಗಿದ ಮೇಲೆ ಎದ್ದ ಊರು ಕೃಷ್ಣರಾಜನಗರ. ನಾಲೆ ನೀರಿನ ಈ ಸೀಮೆಗೆ ಭತ್ತವೇ ಜೀವಾಳ. ಅದರ ಬೆನ್ನಿಗೇ ಅಕ್ಕಿ ಗಿರಣಿಗಳು ಬಂದವು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ತಂಬಾಕಿನ ಬೆಲೆ ಹರಾಜು ಕಟ್ಟೆಯಲ್ಲೇ ತೀರ್ಮಾನವಾಗುತ್ತದೆ. ಗೋದಾಮಿನ ಭತ್ತಕ್ಕೆ ಹಾಗಲ್ಲ, ಲೆಕ್ಕ ಬರೆಯುವವರೇ ಬೆಲೆ ಕಟ್ಟಬೇಕು. ಹಿಂದೆ ವರ್ಷಾಂತ್ಯಕ್ಕೆ ಗುಮಾಸ್ತರು ಮೂಟೆ ಎಣಿಸಿ, ದರ ಹಾಕಿ ಪುಸ್ತಕಕ್ಕೆ ಏರಿಸುತ್ತಿದ್ದರು. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಆರಂಭಿಸಿದ ಬೆಂಗಳೂರಿನ ಕಂಪನಿಯಿಂದ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಬಂತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ ಕಂಪ್ಯೂಟರ್ ಲೆಕ್ಕ ಇನ್ನಷ್ಟು ಅನಿವಾರ್ಯವಾಯಿತು.

ತಪ್ಪುಗಳೂ ರೂಪ ಬದಲಿಸಿದವು. ಮಾರಾಟ 8ನೇ ತಾರೀಕಿಗೆ, ಖರೀದಿ 10ಕ್ಕೆ ನಮೂದಾದರೆ ನಡುವೆ ದಾಸ್ತಾನು ಸೊನ್ನೆಗಿಂತ ಕೆಳಗಿಳಿದು ದರ ಕೆಡುತ್ತದೆ. ಮೂಟೆಯನ್ನು ಕ್ವಿಂಟಾಲೆಂದು ಬರೆದರೂ ಅಷ್ಟೇ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಗಿರಣಿಯೊಳಗಿನ ಲೆಕ್ಕ. ಭತ್ತದಿಂದ ಅಕ್ಕಿಯಷ್ಟೇ ಅಲ್ಲ, ನುಚ್ಚು, ತೌಡು, ಹೊಟ್ಟೂ ಬರುತ್ತವೆ. ತೌಡು ಎಣ್ಣೆಗೆ, ಹೊಟ್ಟು ಬಾಯ್ಲರಿಗೆ, ಎರಡಕ್ಕೂ ಗಿರಾಕಿಗಳಿದ್ದಾರೆ. ಅವುಗಳ ಬೆಲೆ ಕಳೆಯದೆ ಇಡೀ ಖರ್ಚನ್ನು ಅಕ್ಕಿಯ ಮೇಲೆ ಹೊರಿಸಿದರೆ ಉಳಿದ ಅಕ್ಕಿ ಇಲ್ಲದ ಬೆಲೆ ತೋರಿಸುತ್ತದೆ, ಲಾಭವೂ ಉಬ್ಬುತ್ತದೆ. ಮುಕ್ತಾಯದ ಅಂಕಿಯನ್ನು ತಿದ್ದಿದರೆ ಇದು ಸರಿಹೋಗದು. ದಾಸ್ತಾನಿನ ವಹಿಯನ್ನು ತಾರೀಕುವಾರು ತೆರೆದು, ಲೆಕ್ಕ ಮೊದಲು ತಪ್ಪಿದ ಸಾಲನ್ನು ಬಿಲ್ಲಿನೊಂದಿಗೆ ತಾಳೆ ನೋಡಬೇಕು.