ಮದುವೆ ಕ್ಯಾಸೆಟ್ ಅಲ್ಲ ಸ್ವಾಮಿ, ಅದು ಅಡಾಟ್!

ಎಂಬತ್ತರ ದಶಕದವರೆಗೂ ಕನ್ನಡ ಸಿನಿಮಾ ಹಾಡುಗಳು ಬಹುಪಾಲು ಮದ್ರಾಸಿನಲ್ಲೇ ರೆಕಾರ್ಡ್ ಆಗುತ್ತಿದ್ದವು. ಹಾಡಬೇಕಾದವರು, ನುಡಿಸಬೇಕಾದವರು ದಂಡು ಸ್ಟೇಷನ್ನು, ಕೆ.ಆರ್.ಪುರ ದಾಟಿ ರೈಲಿನಲ್ಲಿ ಹೋಗಿಬರಬೇಕಿತ್ತು. ಆಮೇಲೆ ಶಂಕರ್ ನಾಗ್ ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೋ ಕಟ್ಟಿದರು. ದಂಡಿನ ಮಗ್ಗುಲಿನ ಮಿಲ್ಲರ್ಸ್ ರಸ್ತೆಯಲ್ಲಿ ಚಾಮುಂಡೇಶ್ವರಿ ಸ್ಟುಡಿಯೋ ಇತ್ತು. ಸಿನಿಮಾದ ಈ ಕತೆ ನಿಮಗೆಲ್ಲ ಗೊತ್ತಿರೋದೇ ಬಿಡಿ.

ನಾನು ಹೇಳಹೊರಟಿರೋದು ಸಣ್ಣವರ ಕತೆ. ಭಕ್ತಿಗೀತೆ, ಭಾವಗೀತೆ ಕ್ಯಾಸೆಟ್ ಮಾಡುತ್ತಿದ್ದವರದು. ಸೋನಿಯವರ 24 ಟ್ರ್ಯಾಕಿನ ಡಿಜಿಟಲ್ ಟೇಪ್ ಯಂತ್ರ 1982ರಲ್ಲೇ ಬಂದಿತ್ತು, ಆದರೆ ಅದು ದುಡ್ಡಿದ್ದವರಿಗೆ. 1991ರಲ್ಲಿ ಅಮೆರಿಕದ ಅಲೆಸಿಸ್ ಕಂಪನಿ 'ಅಡಾಟ್' ಅನ್ನೋ ಯಂತ್ರ ತೋರಿಸಿತು, ಮರುವರ್ಷ ಮಾರುಕಟ್ಟೆಗೆ ಬಿಟ್ಟಿತು. ಬೆಲೆ 3,995 ಡಾಲರ್. ಎಂಟು ಟ್ರ್ಯಾಕು. ಟೇಪು ಯಾವುದು ಗೊತ್ತೇ? ವಿಡಿಯೋ ನೋಡೋ ಎಸ್-ವಿಎಚ್‌ಎಸ್ ಕ್ಯಾಸೆಟ್ಟು! ವಿಡಿಯೋಗಿಂತ ಮೂರು ಪಟ್ಟು ವೇಗದಲ್ಲಿ ಓಡುತ್ತಿದ್ದರಿಂದ ಎರಡು ಗಂಟೆಯ ಕ್ಯಾಸೆಟ್ಟಿನಲ್ಲಿ 40 ನಿಮಿಷ ಮಾತ್ರ. ಎಂಟು ಟ್ರ್ಯಾಕು ಸಾಲದಿದ್ದರೆ ಇನ್ನೊಂದು ಯಂತ್ರ ಜೋಡಿಸಿ, ಹೀಗೆ ಹದಿನಾರು ಯಂತ್ರದವರೆಗೆ.

ಇಂದಿರಾನಗರದ ಒಂದು ಮನೆಯ ಮಹಡಿಯಲ್ಲಿ ಇಂಥ ಎರಡು ಯಂತ್ರಗಳ ಸ್ಟುಡಿಯೋ ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ ನಾನಲ್ಲಿ ತಬಲಾ ನುಡಿಸೋಕೆ ಹೋಗುತ್ತಿದ್ದೆ. ಹಳೆಯ ಸ್ಪೂಲ್ ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಬಹುದಿತ್ತು. ಅಡಾಟಿನಲ್ಲಿ ಹೆಡ್ಡು ಗಿರಗಿರ ತಿರುಗುತ್ತಾ ಟೇಪಿನ ಮೇಲೆ ಓರೆ ಗೆರೆ ಬರೆಯುತ್ತೆ, ಕತ್ತರಿ ಹಾಕಿದರೆ ಮುಗೀತು. ಎಡಿಟಿಂಗ್ ಅಂದರೆ ಒಂದು ಯಂತ್ರದಿಂದ ಇನ್ನೊಂದಕ್ಕೆ ನಕಲು. ಮೊದಲ ಪಲ್ಲವಿಯಲ್ಲಿ ಕೋರಸ್ ಚೆನ್ನಾಗಿ ಬಂತಾ? ಎರಡನೇ ಯಂತ್ರವನ್ನು ಅಷ್ಟು ಸೆಕೆಂಡು ಹಿಂದೆ ಮುಂದೆ ಸರಿಸಿ ಅದನ್ನೇ ಕೊನೆಯ ಪಲ್ಲವಿಗೂ ಕೂರಿಸೋದು. ಪ್ಲೇ ಒತ್ತಿದ ಮೇಲೆ ಎರಡೂ ಯಂತ್ರ ಒಂದೇ ಹೆಜ್ಜೆಗೆ ಬರೋ ತನಕ ಕಾಯಬೇಕು.... ಆ ಹೊತ್ತಿಗೆ ಒಂದು ಚಹಾ :)

ಆದರೆ ಗಾಯಕಿ ಒಂದು ಸಾಲು ತಪ್ಪಿದರೆ ಆ ಸಾಲನ್ನಷ್ಟೇ ಮತ್ತೆ ಹಾಡಿಸಬಹುದಿತ್ತು, ನನ್ನ ತಬಲಾ ಹಾಗೇ ಇರುತ್ತಿತ್ತು. ಎಷ್ಟು ಸಲ ನಕಲು ಮಾಡಿದರೂ ಮಾಸದು ಅಂತ ಬೇರೆ ನಂಬಿಕೆ. ನಕಲು ಮಾಸಲಿಲ್ಲ ನಿಜ, ಟೇಪು ಮಾಸುತ್ತೆ! ಸ್ಪೂಲ್ ಹಾಳಾದರೆ ಗೊರಗೊರ ಅಂತಾದರೂ ಹಾಡುತ್ತೆ. ಅಡಾಟ್ ಒಂದು ಮಟ್ಟದ ತನಕ ತಪ್ಪನ್ನು ತಾನೇ ಮುಚ್ಚಿಕೊಳ್ಳುತ್ತೆ, ಆಮೇಲೆ ದಿಢೀರ್ ಮೌನ.

ನಮ್ಮ ಜೊತೆ ಹಾಡುತ್ತಿದ್ದ ಹಲಸೂರಿನ ಅಕ್ಕ ಈಗಿಲ್ಲ. ಮಾರಾಟವಾದ ಕ್ಯಾಸೆಟ್ಟಿನಲ್ಲಿ ಅವರ ದನಿ ಕೀಬೋರ್ಡಿನ ಗದ್ದಲದಲ್ಲಿ ಮುಳುಗಿಹೋಗಿದೆ. ಆದರೆ ಅವರ ಮಗಳ ಹತ್ತಿರ ಆರು ಅಡಾಟ್ ಟೇಪುಗಳಿವೆ. ಅದರಲ್ಲಿ ಅಮ್ಮನ ದನಿ ಒಂದು ಟ್ರ್ಯಾಕಿನಲ್ಲಿ ಬೇರೆಯಾಗೇ ಇದೆ, ಉಸಿರು ಎಳೆದುಕೊಂಡಿದ್ದೂ ಸೇರಿ. ನುಡಿಸೋ ಯಂತ್ರ ಇಲ್ಲ. ಎಷ್ಟೋ ಮನೆಯವರು ಹಳೇ ಮದುವೆ ವಿಡಿಯೋ ಅಂದುಕೊಂಡು ಇಂಥವನ್ನು ಶಿವಾಜಿನಗರದ ಗುಜರಿಗೆ ಹಾಕಿರಬಹುದು.

ಅಟ್ಟದಲ್ಲಿ ಎಸ್-ವಿಎಚ್‌ಎಸ್ ಸಿಕ್ಕರೆ ಮೊದಲು ಲೇಬಲ್ ಓದಿ. ಟ್ರ್ಯಾಕುಗಳ ಪಟ್ಟಿ ಬರೆದಿದ್ದರೆ ವಿಸಿಆರ್‌ಗೆ ಹಾಕಲೇಬೇಡಿ. ಓಡುವ ಅಡಾಟ್ ಯಾರ ಬಳಿಯಾದರೂ ಇದ್ದರೆ ಹೇಳಿ. ಆಪ್ಟಿಕಲ್ ಕೇಬಲ್ಲಿನಲ್ಲಿ ಎಂಟೂ ಟ್ರ್ಯಾಕು ಒಟ್ಟಿಗೆ ಕಂಪ್ಯೂಟರಿಗೆ ಇಳಿಸಬಹುದು, ಆರು ಟೇಪಿಗೆ ನಾಲ್ಕು ಗಂಟೆ ಸಾಕು. ಕೇಬಲ್ಲು ನಾನೇ ತರ್ತೀನಿ.