ಆಯ್ಕೆಗೆ ಕಡಿವಾಣ ಹಾಕಿ ಕಟ್ಟಿದ ಊರು

ಅಮೆರಿಕದಲ್ಲಿ ಕೆಲಸ ಬದಲಾಗಿ ಗಂಟುಮೂಟೆ ಕಟ್ಟುವ ಕುಟುಂಬ ಹೊಸ ಊರಿನಲ್ಲಿ ಮನೆ ನೋಡುವ ಮೊದಲೇ ಎರಡು ಪ್ರಶ್ನೆ ಕೇಳುತ್ತದೆ: ಶಾಲೆ ಹೇಗಿದೆ, ಅಕ್ಕಪಕ್ಕ ಯಾರಿದ್ದಾರೆ. ಮಕ್ಕಳು ಎಲ್ಲ ಬಣ್ಣದ, ಎಲ್ಲ ದೇಶದ ಮಕ್ಕಳೊಂದಿಗೆ ಬೆಳೆಯಲಿ ಎಂಬ ಆಸೆ ಈಗ ಅನೇಕರಿಗಿದೆ. ಶಾಲೆಯ ವಿಷಯದಲ್ಲಿ ಮಾತ್ರ ಯಾರೂ ರಾಜಿಗೆ ತಯಾರಿಲ್ಲ. ಎರಡೂ ಒಟ್ಟಿಗೆ ಸಿಗುವ ಉಪನಗರ ಯಾವುದು ಎಂದು ವಿಚಾರಿಸಿದರೆ ಒಹಾಯೊದ ಶೇಕರ್ ಹೈಟ್ಸ್, ಷಿಕಾಗೊ ಪಕ್ಕದ ಓಕ್ ಪಾರ್ಕ್, ನ್ಯೂಜೆರ್ಸಿಯ ಮಾಂಟ್‌ಕ್ಲೇರ್, ಮೇರಿಲ್ಯಾಂಡಿನ ಕೊಲಂಬಿಯಾ ಹೀಗೆ ಅವೇ ನಾಲ್ಕಾರು ಹೆಸರು ಮತ್ತೆ ಮತ್ತೆ ಕೇಳಿಬರುತ್ತವೆ. ಅಷ್ಟು ದೊಡ್ಡ ದೇಶದಲ್ಲಿ ಪಟ್ಟಿ ಇಷ್ಟು ಸಣ್ಣದೇಕೆ? ಉದಾರ ಮನಸ್ಸಿನ ಜನ ಕಡಿಮೆ ಎಂದು ಹೇಳಿ ಮುಗಿಸಬಹುದು, ಆದರೆ ಶೇಕರ್ ಹೈಟ್ಸ್‌ನ ಚರಿತ್ರೆ ಆ ಉತ್ತರವನ್ನು ಒಪ್ಪುವುದಿಲ್ಲ. ಆ ಊರು ಬೆರೆತ ಊರಾಗಿ ಉಳಿದದ್ದು ಕುಟುಂಬಗಳಿಗೆ ಮುಕ್ತ ಆಯ್ಕೆ ಇದ್ದದ್ದರಿಂದಲ್ಲ. ಆಯ್ಕೆ ತಾನಾಗಿ ಹರಿಯುವ ದಿಕ್ಕಿಗೆ ಕೆಲವರು ಬೇಕೆಂದೇ ಅಡ್ಡ ನಿಂತದ್ದರಿಂದ.

ಕ್ಲೀವ್‌ಲ್ಯಾಂಡ್ ನಗರದ ಪೂರ್ವಕ್ಕಿರುವ ಈ ನೆಲದಲ್ಲಿ 1822ರಿಂದ 1889ರವರೆಗೆ ಶೇಕರ್ ಪಂಥದವರ ನಾರ್ತ್ ಯೂನಿಯನ್ ಎಂಬ ವಸತಿ ಇತ್ತು. ಆಸ್ತಿಯನ್ನೆಲ್ಲ ಸಮುದಾಯದ ಹೆಸರಿನಲ್ಲಿ ಇಟ್ಟುಕೊಂಡು, ಮದುವೆಯಾಗದೆ ಬದುಕುತ್ತಿದ್ದ ಜನ ಅವರು. ಅವರು ಚದುರಿಹೋದ ಮೇಲೆ ಆ ಜಾಗ ಕೈಗೆ ಬಂದದ್ದು ಖಾಸಗಿ ಆಸ್ತಿಯಲ್ಲೇ ಸ್ವರ್ಗ ಕಂಡ ಇಬ್ಬರು ಸಹೋದರರಿಗೆ: ಓರಿಸ್ ಮತ್ತು ಮ್ಯಾಂಟಿಸ್ ವ್ಯಾನ್ ಸ್ವೆರಿಂಗನ್. ಇವರು ನಿವೇಶನ ಮಾರಿ ಕೈತೊಳೆದುಕೊಂಡವರಲ್ಲ. ಪೇಟೆಯಿಂದ ಬಡಾವಣೆಗೆ ರೈಲು ಓಡಿಸಿದರು. ಅದು 1920ರಲ್ಲಿ ಶುರುವಾಯಿತು. ಮನೆ ಯಾವ ಶೈಲಿಯಲ್ಲಿರಬೇಕು, ರಸ್ತೆಯಿಂದ ಎಷ್ಟು ಹಿಂದಿರಬೇಕು ಎಂಬುದನ್ನೂ ತಾವೇ ಗೊತ್ತುಮಾಡಿದರು. ಮಕ್ಕಳು ನಡೆದೇ ಹೋಗುವಷ್ಟು ದೂರದಲ್ಲಿ ಪ್ರಾಥಮಿಕ ಶಾಲೆಗಳನ್ನಿಟ್ಟರು. ಲಡ್ಲೊ, ಮೋರ್‌ಲ್ಯಾಂಡ್, ಲೋಮಂಡ್ ಎಂದು ಕೇರಿಗಳಿಗೂ ಶಾಲೆಯದೇ ಹೆಸರಾಯಿತು. ಒಳ್ಳೆಯ ಶಾಲೆ ಇಲ್ಲಿ ಊರು ಬೆಳೆದ ಮೇಲೆ ಬಂದ ಸೌಲಭ್ಯವಲ್ಲ, ಮಾರಾಟಕ್ಕಿಟ್ಟ ಸರಕಿನ ಮುಖ್ಯ ಭಾಗವೇ ಅದು. ಸರಕಿನ ಇನ್ನೊಂದು ಭಾಗ ಕ್ರಯಪತ್ರದೊಳಗಿತ್ತು. 1920ರ ದಶಕದಲ್ಲಿ ಸೇರಿಸಿದ ಷರತ್ತಿನ ಪ್ರಕಾರ, ಕೊಂಡವನು ಮನೆಯನ್ನು ಮತ್ತೆ ಮಾರಬೇಕಾದರೆ ಕಂಪನಿಯ ಅಥವಾ ಸುತ್ತಲಿನ ಮನೆಯವರ ಒಪ್ಪಿಗೆ ಬೇಕು. ಯಾವ ಜನಾಂಗದ ಹೆಸರನ್ನೂ ಬರೆಯುವ ಅಗತ್ಯ ಬೀಳಲಿಲ್ಲ. ಒಪ್ಪಿಗೆ ಯಾರಿಗೆ ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು: ಕಪ್ಪುಜನರಿಗೆ, ಬಹುಮಟ್ಟಿಗೆ ಯಹೂದಿಗಳಿಗೆ ಮತ್ತು ಕ್ಯಾಥೊಲಿಕರಿಗೆ.

ಇಂಥ ಷರತ್ತುಗಳನ್ನು ಖಾಸಗಿ ಜನರ ಕ್ಷುಲ್ಲಕತನ ಎಂದು ತಳ್ಳಿಹಾಕುವಂತಿಲ್ಲ. 1934ರಲ್ಲಿ ಹುಟ್ಟಿದ ಕೇಂದ್ರ ವಸತಿ ಆಡಳಿತ ಗೃಹಸಾಲಗಳಿಗೆ ಸರ್ಕಾರದ ಖಾತರಿ ಕೊಡುವಾಗ, ಒಂದೇ ಬಗೆಯ ಜನ ಇರುವ ಬಡಾವಣೆಯನ್ನು ಸುರಕ್ಷಿತವೆಂದೂ ಬೆರೆತ ಬಡಾವಣೆಯನ್ನು ಅಪಾಯವೆಂದೂ ಎಣಿಸುತ್ತಿತ್ತು. ಅಲ್ಲಿಗೆ ಪೂರ್ವಗ್ರಹಕ್ಕೂ ಲೆಕ್ಕಾಚಾರಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ನೆರೆಯವನ ಬಣ್ಣದ ಬಗ್ಗೆ ಯಾವ ಆಕ್ಷೇಪವೂ ಇಲ್ಲದ ಸಜ್ಜನ ಕೂಡ ಮನೆಯ ಬೆಲೆ ಬಿದ್ದೀತೆಂದು ಹೆದರಲು ಕಾರಣವಿತ್ತು. 1948ರಲ್ಲಿ ಶೆಲಿ ವಿರುದ್ಧ ಕ್ರೇಮರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇಂಥ ಜನಾಂಗೀಯ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಮಾಡುವಂತಿಲ್ಲ ಎಂದಿತು. ಕ್ರಯಪತ್ರದ ಷರತ್ತಿಗೆ ಹಲ್ಲು ಹೋಯಿತು, ಹೆದರಿಕೆ ಹೋಗಲಿಲ್ಲ. ಆ ಹೆದರಿಕೆಯಿಂದಲೇ ಕಾಸು ಮಾಡುವ ದಲ್ಲಾಳಿಗಳು ಹುಟ್ಟಿಕೊಂಡರು. ಬೀದಿಯಲ್ಲಿ ಒಂದು ಮನೆಯನ್ನು ಕಪ್ಪು ಕುಟುಂಬಕ್ಕೆ ಮಾರುವುದು, ಮಿಕ್ಕ ಬಿಳಿಯರ ಬಾಗಿಲು ತಟ್ಟಿ ‘ಈಗ ಮಾರದಿದ್ದರೆ ನಾಳೆ ಅರ್ಧ ಬೆಲೆಯೂ ಬರದು’ ಎಂದು ಗಾಬರಿ ಹುಟ್ಟಿಸುವುದು, ಅಗ್ಗಕ್ಕೆ ಕೊಂಡದ್ದನ್ನು ಬೇರೆಲ್ಲೂ ಮನೆ ಸಿಗದ ಕಪ್ಪುಜನರಿಗೆ ದುಬಾರಿಗೆ ಮಾರುವುದು. ಷಿಕಾಗೊದ ಆಸ್ಟಿನ್ ಎಂಬ ದೊಡ್ಡ ಬಡಾವಣೆ ಒಂದೇ ತಲೆಮಾರಿನೊಳಗೆ ಹೆಚ್ಚುಕಡಿಮೆ ಪೂರ್ತಿ ಬಿಳಿಯರದಾಗಿದ್ದದ್ದು ಬಹುಪಾಲು ಕಪ್ಪುಜನರದಾಯಿತು. ಅಲ್ಲಿ ಯಾರೂ ಯಾರನ್ನೂ ಬಲವಂತವಾಗಿ ಹೊರಡಿಸಲಿಲ್ಲ. ಒಂದೊಂದು ಕುಟುಂಬವೂ ತನ್ನ ಮಕ್ಕಳಿಗೆ ಒಳ್ಳೆಯದೆಂದು ಕಂಡದ್ದನ್ನೇ ಆರಿಸಿಕೊಂಡಿತು.

ಶೇಕರ್ ಹೈಟ್ಸ್‌ನ ಲಡ್ಲೊ ಕೇರಿಯೂ ಅದೇ ದಾರಿ ಹಿಡಿಯುವುದರಲ್ಲಿತ್ತು. ಈ ಕೇರಿಯ ಒಂದು ಭಾಗ ಕ್ಲೀವ್‌ಲ್ಯಾಂಡ್ ನಗರದ ಗಡಿಯೊಳಗಿದ್ದರೂ ಅಲ್ಲಿನ ಮಕ್ಕಳು ಹೋಗುವುದು ಶೇಕರ್ ಹೈಟ್ಸ್ ಶಾಲೆಗೆ. ನಗರದ ಕಪ್ಪು ಮಧ್ಯಮವರ್ಗದವರು, ವಕೀಲರು, ವೈದ್ಯರು, ಮೊದಲು ಇಲ್ಲಿಗೇ ಬಂದದ್ದು ಸಹಜ. 1956ರ ಜನವರಿಯಲ್ಲಿ ಜಾನ್ ಪೆಗ್ ಎಂಬ ಕಪ್ಪು ವಕೀಲರು ಕಟ್ಟಿಸುತ್ತಿದ್ದ ಮನೆಗೆ ಬಾಂಬ್ ಬಿತ್ತು. ಅಷ್ಟರ ಮಟ್ಟಿಗೆ ಕಥೆ ಹಳೆಯದೇ. ಓಕ್ ಪಾರ್ಕ್‌ನಲ್ಲಿ ಹೆಸರಾಂತ ರಸಾಯನ ವಿಜ್ಞಾನಿ ಪರ್ಸಿ ಜೂಲಿಯನ್ ಅವರ ಮನೆಗೆ 1950ರಲ್ಲಿ ಬೆಂಕಿ ಹಚ್ಚಲು ನೋಡಿದ್ದರು, ಮರುವರ್ಷ ಡೈನಮೈಟ್ ಎಸೆದಿದ್ದರು. ಲಡ್ಲೊದಲ್ಲಿ ಹೊಸದಾದದ್ದು ಅದರ ನಂತರದ್ದು. ಕಪ್ಪು ಮತ್ತು ಬಿಳಿ ನೆರೆಹೊರೆಯವರು ಪರಸ್ಪರರ ಮನೆಯ ಹಜಾರಗಳಲ್ಲಿ ಸೇರಿ ಮಾತಾಡತೊಡಗಿದರು. 1957ರಲ್ಲಿ ಲಡ್ಲೊ ಸಮುದಾಯ ಸಂಘ ಹುಟ್ಟಿತು. ಭ್ರಾತೃತ್ವದ ಭಾಷಣಕ್ಕೆ ಅವರು ನಿಲ್ಲಲಿಲ್ಲ. ಬಿಳಿಯರು ಹೊರಡುವುದಕ್ಕಿಂತ ಹೊಸ ಬಿಳಿಯರು ಬಾರದಿರುವುದೇ ಕೇರಿಯ ಬಣ್ಣ ಬದಲಿಸುತ್ತದೆ ಎಂದು ಅವರಿಗೆ ಅರ್ಥವಾಗಿತ್ತು. ದಲ್ಲಾಳಿಗಳು ಬಿಳಿ ಗಿರಾಕಿಗಳಿಗೆ ಲಡ್ಲೊದ ಮನೆ ತೋರಿಸುವುದನ್ನೇ ಬಿಟ್ಟಿದ್ದರು, ಬ್ಯಾಂಕುಗಳು ಸಾಲಕ್ಕೆ ಹಿಂದೆಮುಂದೆ ನೋಡುತ್ತಿದ್ದವು. ಹಾಗಾಗಿ ದಲ್ಲಾಳಿಯ ಕೆಲಸವನ್ನೂ ಸಾಲದ ಕೆಲಸವನ್ನೂ ಸಂಘವೇ ಕೈಗೆತ್ತಿಕೊಂಡಿತು: ಬಿಳಿ ಕುಟುಂಬಗಳನ್ನು ಕರೆತಂದು ಮನೆ, ಶಾಲೆ ತೋರಿಸುವುದು, ಮುಂಗಡದ ಹಣ ಸಾಲದೆ ಬಂದವರಿಗೆ ಎರಡನೆಯ ಅಡಮಾನದ ಸಾಲ ಒದಗಿಸುವುದು. 1967ರಲ್ಲಿ ನಗರಾಡಳಿತ ಇದಕ್ಕೊಂದು ವಸತಿ ಕಚೇರಿಯನ್ನೇ ತೆರೆಯಿತು. 1980ರ ದಶಕದ ನಡುವೆ ಬಂದ ನಿಧಿಯೊಂದು ತಮ್ಮ ಜನಾಂಗದವರು ವಿರಳವಾಗಿರುವ ಕೇರಿಗೆ ಹೋಗುವ ಯಾರಿಗೇ ಆಗಲಿ, ಕಪ್ಪು ಅಥವಾ ಬಿಳಿ, ಕಡಿಮೆ ಬಡ್ಡಿಯ ಸಾಲ ಕೊಟ್ಟಿತು.

ಇದು ಜನರ ಸ್ವಾತಂತ್ರ್ಯದಲ್ಲಿ ಕೈಯಾಡಿಸಿದಂತಲ್ಲವೆ? ಆಕ್ಷೇಪ ಹಗುರವಾದದ್ದಲ್ಲ. ಬಿಳಿಯರನ್ನು ಲಡ್ಲೊಗೆ ಕರೆಯುವುದೆಂದರೆ ಲಡ್ಲೊಗೆ ಬರಬಯಸಿದ ಕಪ್ಪು ಕುಟುಂಬಕ್ಕೆ ‘ಇಲ್ಲಿ ಬೇಡ, ಬೇರೆಡೆ ನೋಡಿ’ ಎಂದು ಹೇಳಿದಂತೆಯೇ. ತಲೆಮಾರುಗಳಿಂದ ಬಾಗಿಲು ಮುಚ್ಚಿಸಿಕೊಂಡವರಿಗೆ, ಬಾಗಿಲು ತೆರೆದ ಊರಿನಲ್ಲೂ ಪ್ರಮಾಣದ ಲೆಕ್ಕ ಕೇಳಬೇಕಾಯಿತು. ಬಿಳಿಯರು ಇದ್ದರೆ ಮಾತ್ರ ಒಂದು ಜಾಗ ಒಳ್ಳೆಯದು ಎಂಬ ಅವಮಾನವೂ ಅದರಲ್ಲಿ ಅಡಗಿತ್ತು, ಇದನ್ನು ಅಲ್ಲಿನ ಕಪ್ಪು ನಿವಾಸಿಗಳೇ ಎತ್ತಿ ತೋರಿಸಿದರು. ಇಷ್ಟೆಲ್ಲ ನಿಜ. ಆದರೆ ಈ ಆಕ್ಷೇಪ, ಯಾರೂ ಕೈಯಾಡಿಸದ ಒಂದು ಮುಕ್ತ ಮಾರುಕಟ್ಟೆ ಮೊದಲು ಇತ್ತು ಎಂದು ಊಹಿಸಿಕೊಳ್ಳುತ್ತದೆ. ಅಂಥದ್ದು ಇರಲೇ ಇಲ್ಲ. ಕ್ರಯಪತ್ರ, ಸಾಲದ ಖಾತರಿ, ದಲ್ಲಾಳಿಯ ಪಿಸುಮಾತು ಎಲ್ಲವೂ ಮೂವತ್ತು ವರ್ಷ ಒಂದೇ ಕಡೆಗೆ ತಳ್ಳಿದ ಮೇಲೆ, ಇನ್ನು ಎಲ್ಲರೂ ಸುಮ್ಮನಿರಿ ಎಂದರೆ ಆ ತಳ್ಳಿದ ದಿಕ್ಕಿಗೇ ಬಂಡಿ ಉರುಳುತ್ತದೆ. 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, ಕೇಂದ್ರದ ನ್ಯಾಯ ವಸತಿ ಕಾಯ್ದೆ ಬಂದು ತಾರತಮ್ಯವನ್ನು ನಿಷೇಧಿಸಿತು. ನಿಷೇಧ ಎಲ್ಲ ಉಪನಗರಗಳಿಗೂ ಒಂದೇ ಆಗಿದ್ದರೂ ಬೆರೆತು ಉಳಿದದ್ದು ನಿಷೇಧದ ಆಚೆಗೂ ದುಡಿದ ಊರುಗಳು ಮಾತ್ರ.

ಓಕ್ ಪಾರ್ಕ್ ಅದಕ್ಕೆ ಎರಡನೆಯ ಸಾಕ್ಷಿ. ಒಂದು ರಸ್ತೆ ದಾಟಿದರೆ ಆಸ್ಟಿನ್. ಆ ಅಲೆ ಈಚೆ ದಾಟುವುದು ಇನ್ನೇನು ಖಚಿತ ಎಂದು ಎಲ್ಲರೂ ನಂಬಿದ್ದರು. 1968ರಲ್ಲಿ ಆ ಊರು ತನ್ನದೇ ನ್ಯಾಯ ವಸತಿ ನಿಯಮ ತಂದಿತು, 1972ರಲ್ಲಿ ರಾಬರ್ಟಾ ರೇಮಂಡ್ ಅವರ ಮುಂದಾಳತ್ವದಲ್ಲಿ ವಸತಿ ಕೇಂದ್ರ ಶುರುವಾಯಿತು. ಬಾಡಿಗೆಗೆ ಬಂದವರಿಗೆ ತಾವು ತಾವಾಗಿ ಯೋಚಿಸದ ಬೀದಿಗಳನ್ನು ತೋರಿಸುವುದೇ ಅದರ ಕೆಲಸ. ಪುರಭವನವನ್ನು ಆಸ್ಟಿನ್ ಕಡೆಯ ಪೂರ್ವ ಭಾಗದಲ್ಲೇ ಕಟ್ಟಿದರು, ಊರು ಆ ಕಡೆಯನ್ನು ಕೈಬಿಡುತ್ತಿಲ್ಲ ಎಂದು ತೋರಿಸಲು. 1970ರ ದಶಕದ ಕೊನೆಯಲ್ಲಿ ಮನೆಬೆಲೆ ಇಳಿದರೆ ನಷ್ಟ ತುಂಬಿಕೊಡುವ ಖಾತರಿ ಯೋಜನೆಯನ್ನೂ ತಂದರು. ಹೆದರಿಕೆ ಲೆಕ್ಕಾಚಾರದಿಂದ ಹುಟ್ಟಿದ್ದರೆ ಉತ್ತರವೂ ಲೆಕ್ಕಾಚಾರದಲ್ಲೇ ಇರಲಿ ಎಂಬ ಈ ಜಾಣತನ ನನಗೆ ನೂರು ಉಪದೇಶಗಳಿಗಿಂತ ಹೆಚ್ಚಿನದಾಗಿ ಕಾಣುತ್ತದೆ.

ಶಾಲೆಯ ವಿಷಯಕ್ಕೆ ಬರೋಣ, ಏಕೆಂದರೆ ಬಲವಾದ ಇನ್ನೊಂದು ಆಕ್ಷೇಪ ಅಲ್ಲೇ ಇದೆ. 1970ರಲ್ಲಿ ಶೇಕರ್ ಹೈಟ್ಸ್ ಶಾಲಾ ಮಂಡಳಿ, ಬಹುಪಾಲು ಕಪ್ಪು ಮಕ್ಕಳಿದ್ದ ಮೋರ್‌ಲ್ಯಾಂಡ್ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಶಾಲೆಗಳಿಗೆ ಕಳಿಸುವ ಯೋಜನೆ ಮುಂದಿಟ್ಟಿತು. ಪ್ರಯಾಣದ ಹೊರೆ ಕಪ್ಪು ಮಕ್ಕಳಿಗೇ ಏಕೆ ಎಂಬ ಪ್ರಶ್ನೆ ಎದ್ದಿತು. ಆಗ ಬಿಳಿ ತಂದೆತಾಯಿಗಳಲ್ಲೂ ಹಲವರು ತಮ್ಮ ಮಕ್ಕಳನ್ನು ಮೋರ್‌ಲ್ಯಾಂಡಿಗೆ ಕಳಿಸಲು ಮುಂದೆ ಬಂದು, ಎರಡೂ ಕಡೆಯಿಂದ ಸ್ವಇಚ್ಛೆಯ ಬಸ್ಸು ಓಡಿತು. ಕೋರ್ಟಿನ ಆದೇಶವಿಲ್ಲದೆ ನಡೆದ ಇದು ಆ ಕಾಲಕ್ಕೆ ಅಪರೂಪ. 1987ರಲ್ಲಿ ಕೆಲವು ಪ್ರಾಥಮಿಕ ಶಾಲೆಗಳನ್ನು ಮುಚ್ಚಿ ಉಳಿದವುಗಳ ಗಡಿಯನ್ನು ಮಕ್ಕಳು ಬೆರೆಯುವಂತೆ ಹೊಸದಾಗಿ ಎಳೆದರು. ಮುಚ್ಚಿದವುಗಳಲ್ಲಿ ಲಡ್ಲೊ, ಮೋರ್‌ಲ್ಯಾಂಡ್ ಎರಡೂ ಸೇರಿದ್ದವು. ಮೋರ್‌ಲ್ಯಾಂಡ್ ಕಟ್ಟಡ ಇಂದು ಊರಿನ ಮುಖ್ಯ ಗ್ರಂಥಾಲಯ. ಇಷ್ಟಾಗಿಯೂ ಪ್ರೌಢಶಾಲೆಯೊಳಗೆ ಉನ್ನತ ಮಟ್ಟದ ತರಗತಿಗಳಲ್ಲಿ ಬಿಳಿ ಮಕ್ಕಳು, ಸಾಮಾನ್ಯ ತರಗತಿಗಳಲ್ಲಿ ಕಪ್ಪು ಮಕ್ಕಳು ಎಂಬ ವಿಂಗಡಣೆ ಬೆಳೆಯಿತು. ಕಪ್ಪು ತಂದೆತಾಯಿಗಳೇ ಕರೆಸಿದ ನೈಜೀರಿಯಾ ಮೂಲದ ಮಾನವಶಾಸ್ತ್ರಜ್ಞ ಜಾನ್ ಓಗ್ಬು ಇದನ್ನು ಅಧ್ಯಯನ ಮಾಡಿ 2003ರಲ್ಲಿ ಪುಸ್ತಕ ತಂದರು. ಹೊಣೆಯ ದೊಡ್ಡ ಪಾಲನ್ನು ಮಕ್ಕಳ ಪ್ರಯತ್ನ, ಮನೆಯವರ ತೊಡಗುವಿಕೆಯ ಮೇಲೆ ಅವರು ಹೊರಿಸಿದ್ದಕ್ಕೆ ತೀವ್ರ ವಿರೋಧ ಬಂತು. ಸಣ್ಣ ತರಗತಿಯಲ್ಲೇ ಮಕ್ಕಳನ್ನು ಬೇರ್ಪಡಿಸಿದ ವ್ಯವಸ್ಥೆಯದು ಎಷ್ಟು ತಪ್ಪು ಎಂಬ ಚರ್ಚೆ ಮುಗಿಯದೆ ಉಳಿಯಿತು. 2020ರಲ್ಲಿ ಶಾಲಾಡಳಿತ ಹಲವು ತರಗತಿಗಳ ವಿಂಗಡಣೆಯನ್ನು ತೆಗೆದುಹಾಕಿದಾಗ ಹಳೆಯ ಜಗಳ ಹೊಸದಾಯಿತು. ಊರಿನ ಅಂಚಿನಲ್ಲಿಯೂ ಕಪಟ ಕಾಣುವುದು ಕಷ್ಟವಲ್ಲ: 1976ರಲ್ಲಿ ಇದೇ ಶೇಕರ್ ಹೈಟ್ಸ್ ಪಕ್ಕದ ಕಪ್ಪುಜನರ ಬಡಾವಣೆಯಿಂದ ಬರುವ ಬೀದಿಗಳಿಗೆ ವಾಹನ ತಡೆಗಳನ್ನಿಟ್ಟಿತು. ಸಂಚಾರ ನಿಯಂತ್ರಣಕ್ಕೆ ಎಂದರು. ಆಚೆ ಬದಿಯವರು ಅದನ್ನು ಬರ್ಲಿನ್ ಗೋಡೆಗೆ ಹೋಲಿಸಿದರು.

ಹಾಗಾದರೆ ಇಡೀ ಪ್ರಯೋಗ ಸೋತಿತೆ? ನಾನು ಹಾಗೆ ಓದುವುದಿಲ್ಲ. ಬೀದಿಯಲ್ಲಿ ಕೈಯಾಡಿಸಿದಲ್ಲಿ ಬೀದಿ ಬೆರೆಯಿತು. ತರಗತಿಯ ವಿಂಗಡಣೆಯನ್ನು ಅಂಕ ಮತ್ತು ಶಿಫಾರಸಿಗೆ, ಅಂದರೆ ಮತ್ತೆ ಒಂದೊಂದು ಕುಟುಂಬದ ಆಯ್ಕೆಗೆ ಮತ್ತು ಅದರ ಒತ್ತಾಯದ ಬಲಕ್ಕೆ ಬಿಟ್ಟಲ್ಲಿ ಹಳೆಯ ಗೆರೆ ಮರಳಿ ಮೂಡಿತು. ಪ್ರೌಢಶಾಲೆಯ ಸೋಲು ವಾದವನ್ನು ಗಟ್ಟಿಗೊಳಿಸುತ್ತದೆಯೇ ಹೊರತು ಮುರಿಯುವುದಿಲ್ಲ. ದೇಶದ ಮಟ್ಟದಲ್ಲೂ ಇದೇ ಆಯಿತು. 1973ರಲ್ಲಿ ಸುಪ್ರೀಂ ಕೋರ್ಟ್, ಆಸ್ತಿ ತೆರಿಗೆಯನ್ನು ನೆಚ್ಚಿದ ಶಾಲೆಗಳ ನಡುವಿನ ಹಣದ ಅಂತರ ಕೇಂದ್ರ ಸಂವಿಧಾನದ ಉಲ್ಲಂಘನೆಯಲ್ಲ ಎಂದಿತು. 1974ರಲ್ಲಿ ಡೆಟ್ರಾಯಿಟ್ ಮೊಕದ್ದಮೆಯಲ್ಲಿ, ನಗರದ ಶಾಲೆಗಳನ್ನು ಬೆರೆಸಲು ಉಪನಗರಗಳನ್ನು ಎಳೆದು ತರುವಂತಿಲ್ಲ ಎಂದಿತು. ಈ ಎರಡು ತೀರ್ಪುಗಳ ನಂತರ ಶಾಲಾ ಗಡಿ ಎಂಬುದೇ ಕೋಟೆಯಾಯಿತು, ಗಡಿಯೊಳಗಿನ ಮನೆಯ ಬೆಲೆ ಪ್ರವೇಶ ಶುಲ್ಕವಾಯಿತು. ‘ನನ್ನ ಮಗುವಿಗೆ ಒಳ್ಳೆಯದನ್ನು ಬಯಸುವುದು ತಪ್ಪೆ?’ ಎಂಬ ಪ್ರಶ್ನೆಗೆ ಉತ್ತರ ಖಂಡಿತ ಅಲ್ಲ ಎಂದೇ. ಆದರೆ ಆ ಒಳ್ಳೆಯದನ್ನು ಮನೆಯ ಜೊತೆ ಕಟ್ಟಿ ಮಾರುವ ಏರ್ಪಾಡು ತಂದೆತಾಯಿಯರ ಪ್ರೀತಿಯಿಂದ ಹುಟ್ಟಿದ್ದಲ್ಲ.

ನಮ್ಮವರಿಗೆ ಈ ಚರಿತ್ರೆ ಪರರದ್ದಲ್ಲ. 1965ರ ವಲಸೆ ಕಾಯ್ದೆ ಪೂರ್ತಿ ಜಾರಿಗೆ ಬಂದದ್ದು 1968ರ ಜುಲೈನಲ್ಲಿ, ವಸತಿ ಕಾಯ್ದೆ ಬಂದ ಮೂರೇ ತಿಂಗಳಿಗೆ. ಬೆಂಗಳೂರು, ಮೈಸೂರುಗಳಿಂದ ಹೋದ ಎಂಜಿನಿಯರು, ವೈದ್ಯರು ಉಪನಗರದಲ್ಲಿ ಮನೆ ಕೊಳ್ಳಲು ಆದದ್ದು ಬೇರೆಯವರು ಬಾಂಬು, ಬೆಂಕಿ ಎದುರಿಸಿ ತೆರೆಸಿದ ಬಾಗಿಲಿನಿಂದ. ಆದರೆ ಇಂದು ಮನೆ ಹುಡುಕುವಾಗ ನಾವು ಹಿಡಿಯುವ ಅಳತೆಗೋಲು ಅಂತರ್ಜಾಲದಲ್ಲಿ ಶಾಲೆಗೆ ಕೊಟ್ಟ ಹತ್ತರಲ್ಲಿ ಇಷ್ಟು ಎಂಬ ಅಂಕಿ. ಜನಾಂಗ ನೋಡಿ ಗಿರಾಕಿಯನ್ನು ಇತ್ತ ಅತ್ತ ತಿರುಗಿಸುವಂತಿಲ್ಲ ಎಂದು ಕಾಯ್ದೆ ಹೇಳುವುದರಿಂದ ಎಚ್ಚರದ ಏಜೆಂಟರು ನೆರೆಹೊರೆಯ ಬಗ್ಗೆ ಬಾಯಿಬಿಡುವುದಿಲ್ಲ; ಅವರು ಹೇಳದ್ದನ್ನು ಆ ಅಂಕಿ ಹೇಳುತ್ತದೆ. ಪರೀಕ್ಷೆಯ ಸರಾಸರಿ ಬಹುಪಾಲು ತಂದೆತಾಯಿಯರ ಆದಾಯ, ಓದುಗಳನ್ನೇ ಅಳೆಯುವುದರಿಂದ ಬೆರೆತ ಊರಿನ ಶಾಲೆಗೆ ಅಂಕಿ ಇಳಿಯುವುದು ಸಹಜ, ಅಲ್ಲಿನ ಗಣಿತದ ಮೇಷ್ಟ್ರು ಎಷ್ಟೇ ಚೆನ್ನಾಗಿ ಕಲಿಸಲಿ.

ಅಂಕಿಯ ಬದಲು ಕೇಳಬಹುದಾದ ಪ್ರಶ್ನೆಗಳು ಆ ಊರುಗಳ ಚರಿತ್ರೆಯಲ್ಲೇ ಇವೆ. ಪ್ರೌಢಶಾಲೆಯ ಮೇಲ್ಮಟ್ಟದ ಗಣಿತ ತರಗತಿಯಲ್ಲಿ ಯಾರ ಮಕ್ಕಳು ಕೂತಿದ್ದಾರೆ? ಪ್ರಾಥಮಿಕ ಶಾಲೆಗಳ ಗಡಿಯನ್ನು ಕಳೆದ ಸಲ ಯಾವಾಗ, ಯಾವ ಉದ್ದೇಶಕ್ಕೆ ಬದಲಿಸಿದರು? ಶಾಲಾ ತೆರಿಗೆ ಮತಕ್ಕೆ ಬಂದಾಗ ಊರು ಏನೆಂದಿತು? ಒಹಾಯೊದಲ್ಲಿ ಶಾಲೆಗೆ ಹೆಚ್ಚುವರಿ ಹಣ ಬೇಕಾದರೆ ಮತದಾರರ ಮುಂದೆ ಹೋಗಲೇಬೇಕು. ಆಸ್ತಿ ತೆರಿಗೆಯನ್ನು ಅತಿಯಾಗಿ ನೆಚ್ಚಿದ ಶಾಲಾ ಹಣಕಾಸು ರಾಜ್ಯ ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದ್ದರೂ ಶೇಕರ್ ಹೈಟ್ಸ್‌ನ ಮನೆತೆರಿಗೆ ಇಂದಿಗೂ ಇಡೀ ರಾಜ್ಯದಲ್ಲಿ ಅತಿ ಹೆಚ್ಚಿನವುಗಳಲ್ಲೊಂದು. ಎಚ್-1ಬಿ ವೀಸಾದಲ್ಲೋ ಗ್ರೀನ್ ಕಾರ್ಡಿನಲ್ಲೋ ಇರುವ ಕುಟುಂಬ ಆ ತೆರಿಗೆ ಕಟ್ಟುತ್ತದೆ, ಮಕ್ಕಳ ಅಂಕಗಳಿಂದ ಶಾಲೆಯ ಸರಾಸರಿಯನ್ನೂ ಏರಿಸುತ್ತದೆ, ಆ ಮತದಾನದಲ್ಲಿ ಮಾತ್ರ ಅದಕ್ಕೆ ಮತವಿಲ್ಲ. ಶಾಲಾ ಮಂಡಳಿಯ ಸಭೆಯಲ್ಲಿ ಸಾರ್ವಜನಿಕರ ಮಾತಿಗೆಂದು ಬಿಟ್ಟ ಕೆಲವು ನಿಮಿಷಗಳಲ್ಲಿ ಎದ್ದು ಮಾತಾಡಲು ಮತದ ಚೀಟಿ ಬೇಕಿಲ್ಲ. 1957ರ ಲಡ್ಲೊದವರು ಶುರುಮಾಡಿದ್ದೂ ಹಜಾರದ ಮಾತಿನಿಂದಲೇ.